ಮಗಳು ವೈಬ್ರಫೋನ್ ವಾದಕಿಯಾಗುತ್ತೇನೆ ಎನ್ನುತ್ತಾಳೆ, ಒಪ್ಪಬಹುದೇ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿ ನೆಲೆಸಿರುವ ಕನ್ನಡ ಕುಟುಂಬ. ಮಗಳಿಗೆ 17 ವರ್ಷ. ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕಲಿತಳು, ವರ್ಣಗಳವರೆಗೆ ಪಾಠವಾಗಿತ್ತು. ಹೈಸ್ಕೂಲಿನ ಮಾರ್ಚಿಂಗ್ ಬ್ಯಾಂಡಿಗೆ ಸೇರಿದ ಮೇಲೆ ವೈಬ್ರಫೋನ್ ಹಿಡಿದಳು. ಈಗ ಹಾಡುವುದನ್ನು ಬಹುತೇಕ ಬಿಟ್ಟಿದ್ದಾಳೆ. ಕಾಲೇಜಿನಲ್ಲಿ ಜಾಝ್ ವೈಬ್ರಫೋನನ್ನೇ ಓದಿ ಅದರಲ್ಲೇ ಬದುಕುತ್ತೇನೆ ಎನ್ನುತ್ತಾಳೆ. ಅವಳ ತಂದೆ ಕಂಪ್ಯೂಟರ್ ವಿಜ್ಞಾನ ಓದಲಿ ಎನ್ನುತ್ತಾರೆ. ಅದು ಅಳಿದುಹೋಗುತ್ತಿರುವ ವಾದ್ಯ, ಐದಾರು ವರ್ಷಕ್ಕೇ ಶುರುಮಾಡಿದವರು ಮಾತ್ರ ಮುಂದೆ ಬರುತ್ತಾರೆ, ಅದು ಗಂಡಸರ ಕ್ಷೇತ್ರ ಎಂದು ಬಂಧುಗಳು ಹೆದರಿಸುತ್ತಾರೆ. ನಾಲ್ಕು ಕೋಲು ಹಿಡಿಯದಿದ್ದರೆ ಪ್ರಯೋಜನವಿಲ್ಲ ಎಂದು ಶಾಲೆಯ ಶಿಕ್ಷಕರು ಹೇಳಿದ್ದಾರೆ. ಎರಡು ತಿಂಗಳಿಂದ ಅವಳಿಗೆ ಮಣಿಕಟ್ಟು ನೋವು. ಮನೆಗೆ ಒಂದು ವಾದ್ಯ ತಂದುಕೊಡಿ ಎಂದು ಹಟ ಮಾಡುತ್ತಿದ್ದಾಳೆ. ಬೇಡ ಎನ್ನಲು ಮನಸ್ಸು ಬರುವುದಿಲ್ಲ, ಹೂಂ ಎನ್ನಲು ಧೈರ್ಯ ಸಾಲದು. ಏನು ಮಾಡೋಣ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವು ಇದ್ದರೂ ಚಿಂತೆ ಒಂದೇ. ಇಷ್ಟು ಅಪರೂಪದ ವಾದ್ಯವನ್ನು ನಂಬಿದ ಹುಡುಗಿಗೆ ನಾಳೆ ಅನ್ನ ಹುಟ್ಟುತ್ತದೆಯೇ ಎಂಬುದು. ತಾಳವಾದ್ಯ ಕಲಿಸುವ ವೃತ್ತಿಯಲ್ಲಿರುವ ನನಗೆ ಈ ಪ್ರಶ್ನೆ ಹಲವು ಮನೆಗಳಿಂದ ಬಂದಿದೆ. ವೈಬ್ರಫೋನ್ ನುಡಿಸಿ ಬದುಕಿದವರಿದ್ದಾರೆ, ಚೆನ್ನಾಗಿಯೇ ಬದುಕಿದ್ದಾರೆ. ಆದರೆ ವೈಬ್ರಫೋನ್ ಒಂದನ್ನೇ ಬಲ್ಲವರು ಹಾಗೆ ಬದುಕಿದ್ದನ್ನು ನಾನು ಕಂಡಿಲ್ಲ. ನೀವು ತೀರ್ಮಾನಿಸುವಾಗ ಈ ಎರಡು ಮಾತುಗಳ ನಡುವಿನ ಅಂತರವನ್ನು ಗಮನದಲ್ಲಿಡಬೇಕು.

ವಾದ್ಯವನ್ನು ನೋಡಿರದ ಓದುಗರಿಗಾಗಿ ಒಂದೆರಡು ಮಾತು. ಪಿಯಾನೊದ ಬಿಳಿ, ಕಪ್ಪು ಮನೆಗಳ ಕ್ರಮದಲ್ಲೇ ಜೋಡಿಸಿದ ಅಲ್ಯುಮಿನಿಯಂ ಪಟ್ಟಿಗಳು, ಸಾಮಾನ್ಯವಾಗಿ ಮೂರು ಸ್ಥಾಯಿಗೆ 37. ಪ್ರತಿ ಪಟ್ಟಿಯ ಕೆಳಗೆ ನಾದ ತುಂಬುವ ಒಂದು ಕೊಳವೆ, ಕೊಳವೆಯ ಬಾಯಲ್ಲಿ ಮೋಟಾರಿನಿಂದ ತಿರುಗುವ ತಟ್ಟೆ. ನಾದ ಅಲೆಅಲೆಯಾಗಿ ಕೇಳುವುದು ಆ ತಟ್ಟೆಯಿಂದ. ಕಾಲಿನ ಬಳಿ ಇರುವ ಪೆಡಲ್ ಒತ್ತಿದರೆ ಸ್ವರ ಮೊಳಗುತ್ತಲೇ ಇರುತ್ತದೆ, ಬಿಟ್ಟರೆ ತಟ್ಟನೆ ನಿಲ್ಲುತ್ತದೆ. ಬಾರಿಸುವ ಕೋಲಿನ ತುದಿಗೆ ನೂಲು ಸುತ್ತಿರುತ್ತದೆ, ಅದಕ್ಕೆ ಮ್ಯಾಲೆಟ್ ಎನ್ನುತ್ತಾರೆ. 1920ರ ದಶಕದಲ್ಲಿ ಇಂಡಿಯಾನಾಪೊಲಿಸ್‌ನ ಲೀಡಿ ಮತ್ತು ಶಿಕಾಗೊದ ಡೀಗನ್ ಕಂಪನಿಗಳ ಕಾರ್ಖಾನೆಗಳಲ್ಲಿ ಇದು ರೂಪ ಪಡೆಯಿತು. ಸಂಗೀತವಾದ್ಯಗಳ ಲೆಕ್ಕದಲ್ಲಿ ಇನ್ನೂ ಎಳೆಯದು.

ಅಳಿಯುತ್ತಿದೆ ಎಂಬ ಮಾತು ಸುಳ್ಳು. ಇದನ್ನು ನುಡಿಸುವವರ ಸಂಖ್ಯೆ ಯಾವ ಕಾಲದಲ್ಲೂ ದೊಡ್ಡದಾಗಿರಲಿಲ್ಲ. ಡ್ರಮ್ಸ್ ವಾದಕರಾಗಿದ್ದ ಲಯೊನೆಲ್ ಹ್ಯಾಂಪ್ಟನ್ 1930ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಅವರೊಂದಿಗಿನ ಧ್ವನಿಮುದ್ರಣದಲ್ಲಿ ವೈಬ್ರಫೋನ್ ಬಾರಿಸಿದಾಗ ಜಾಝ್‌ನಲ್ಲಿ ಇದಕ್ಕೆ ಬಾಗಿಲು ತೆರೆಯಿತು. ಅವರ ಜೊತೆಗೆ ಝೈಲೊಫೋನಿನಿಂದ ಇದಕ್ಕೆ ಬಂದ ರೆಡ್ ನೋರ್ವೊ, ಬಳಿಕ ಮಿಲ್ಟ್ ಜ್ಯಾಕ್ಸನ್, 1960ರ ದಶಕದಲ್ಲಿ ಗ್ಯಾರಿ ಬರ್ಟನ್ ಮತ್ತು ಬಾಬಿ ಹಚರ್ಸನ್. ಪ್ರತಿ ಪೀಳಿಗೆಯಲ್ಲೂ ಮುಂಚೂಣಿಯ ಹೆಸರುಗಳು ಬೆರಳೆಣಿಕೆಯಷ್ಟೇ. ಇಂದೂ ಹಾಗೆಯೇ ಇದೆ. ಶಿಕಾಗೊದಲ್ಲಿ ಬೆಳೆದ ಜೋಯಲ್ ರಾಸ್ ಅವರ ಮೊದಲ ಆಲ್ಬಮ್ಮನ್ನು 2019ರಲ್ಲಿ ಬ್ಲೂ ನೋಟ್‌ನಂಥ ಹಳೆಯ, ಗೌರವದ ಕಂಪನಿ ಹೊರತಂದಿತು. ಅಳಿಯುವ ವಾದ್ಯಕ್ಕೆ ಯಾರೂ ಹಾಗೆ ಹಣ ಹೂಡುವುದಿಲ್ಲ.

ಹಾಗಾದರೆ ನುಡಿಸುವವರು ಇಷ್ಟು ಕಡಿಮೆ ಏಕೆ? ಬೆಲೆ ಮತ್ತು ತೂಕ ಎಲ್ಲರಿಗೂ ಕಾಣುವ ಕಾರಣಗಳು. ಸ್ಯಾಕ್ಸೊಫೋನ್ ವಾದಕ ಪೆಟ್ಟಿಗೆ ಹಿಡಿದು ರೈಲು ಹತ್ತುತ್ತಾನೆ, ಪಿಯಾನೊ ವಾದಕನಿಗೆ ಕ್ಲಬ್ಬಿನಲ್ಲೇ ಪಿಯಾನೊ ಕಾದಿರುತ್ತದೆ. ನಿಮ್ಮ ಮಗಳು ಮಾತ್ರ ವಾದ್ಯವನ್ನು ಬಿಚ್ಚಿ, ವ್ಯಾನಿಗೆ ಏರಿಸಿ, ಅಲ್ಲಿ ಮತ್ತೆ ಜೋಡಿಸಬೇಕು. ಆದರೆ ಇವೆರಡಕ್ಕಿಂತ ಆಳವಾದ ಕಾರಣ ಬೇರೆಯೇ ಇದೆ. ಜಾಝ್ ತಂಡದಲ್ಲಿ ವೈಬ್ರಫೋನ್ ಮಾಡುವ ಕೆಲಸ ಪಿಯಾನೊ ಮಾಡುವ ಕೆಲಸಕ್ಕೆ ಬಹಳ ಹತ್ತಿರ. ಪಿಯಾನೊ ವಾದಕ ಇದ್ದಮೇಲೆ ಇನ್ನೊಬ್ಬರೇಕೆ ಎಂದು ತಂಡದ ನಾಯಕ ಯೋಚಿಸುತ್ತಾನೆ. ನಾಳೆ ಸಂಜೆ ಒಬ್ಬ ಡ್ರಮ್ಸ್ ವಾದಕ ಬೇಕು ಎಂದು ಫೋನ್ ಬರುತ್ತದೆ, ಬಾಸ್ ವಾದಕನಿಗೂ ಬರುತ್ತದೆ. ವೈಬ್ರಫೋನ್ ವಾದಕರಿಗೆ ಅಂಥ ಫೋನ್ ಬರುವುದು ವಿರಳ. ಆದ್ದರಿಂದ ಇವರಲ್ಲಿ ಬಹಳಷ್ಟು ಜನ ಸ್ವಂತ ತಂಡ ಕಟ್ಟಿದರು, ಸ್ವಂತ ರಚನೆಗಳನ್ನು ಬರೆದರು. ಕರೆಗಾಗಿ ಕಾಯುವುದು ಅವರಿಗೆ ದಾರಿಯೇ ಆಗಿರಲಿಲ್ಲ. ಮಗಳಿಗೆ ತಂಡ ಸೇರಿಸುವ, ಕಾರ್ಯಕ್ರಮ ಕುದುರಿಸುವ, ನಾಲ್ಕು ಜನರ ಮುಂದೆ ಮಾತನಾಡುವ ಸ್ವಭಾವ ಇದೆಯೇ ಎಂದು ಗಮನಿಸಿ. ಇಲ್ಲದಿದ್ದರೆ ಅದನ್ನೂ ಕಲಿಯಬೇಕಾಗುತ್ತದೆ, ಮ್ಯಾಲೆಟ್ ಹಿಡಿಯುವುದನ್ನು ಕಲಿತಷ್ಟೇ ಶ್ರದ್ಧೆಯಿಂದ.

ನಾಲ್ಕು ಕೋಲಿನ ಪ್ರಶ್ನೆ ಇಲ್ಲಿಗೇ ಬಂದು ಸೇರುತ್ತದೆ. ಕಲೆಯ ದೃಷ್ಟಿಯಿಂದ ನಾಲ್ಕು ಮ್ಯಾಲೆಟ್ ಕಡ್ಡಾಯವಲ್ಲ. ಮಿಲ್ಟ್ ಜ್ಯಾಕ್ಸನ್ ಎರಡೇ ಮ್ಯಾಲೆಟ್ ಹಿಡಿದು ಈ ವಾದ್ಯದ ಅತಿ ಸುಂದರ ನಾದವನ್ನು ಹೊರಡಿಸಿದರು ಎಂಬುದು ನನ್ನ ದೃಢ ಅಭಿಪ್ರಾಯ. ದುಡಿಮೆಯ ದೃಷ್ಟಿಯಿಂದ ಮಾತ್ರ ಶಿಕ್ಷಕರ ಮಾತೇ ಸರಿ. ಗ್ಯಾರಿ ಬರ್ಟನ್ ಒಂದೊಂದು ಕೈಯಲ್ಲಿ ಎರಡೆರಡು ಮ್ಯಾಲೆಟ್ ಹಿಡಿದು ಪಿಯಾನೊದಂತೆ ಸ್ವರಗುಚ್ಛಗಳನ್ನು, ಎಂದರೆ ಹಲವು ಸ್ವರಗಳನ್ನು ಒಟ್ಟಿಗೆ, ನುಡಿಸುವ ವಿಧಾನವನ್ನು ಬೆಳೆಸಿದರು. ಆ ಹಿಡಿತಕ್ಕೆ ಈಗಲೂ ಅವರದೇ ಹೆಸರು. 1964ರಲ್ಲಿ ಸ್ಯಾಕ್ಸೊಫೋನ್ ವಾದಕ ಸ್ಟ್ಯಾನ್ ಗೆಟ್ಜ್ ಅವರ ತಂಡಕ್ಕೆ ಬರ್ಟನ್ ಸೇರಿದಾಗ ಅಲ್ಲಿ ಪಿಯಾನೊ ಇರಲಿಲ್ಲ, ಆ ಜಾಗವನ್ನು ಇವರ ನಾಲ್ಕು ಮ್ಯಾಲೆಟ್ ತುಂಬಿದವು. ಅಂದಿನಿಂದ ಈ ಕೌಶಲ ವಾದಕರಿಗೆ ಕೆಲಸ ಕೊಡಿಸುತ್ತ ಬಂದಿದೆ. ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲೂ ಅದನ್ನು ನಿರೀಕ್ಷಿಸುತ್ತಾರೆ. ಕಲಿಯಲಿ. ಆದರೆ ಎರಡು ಮ್ಯಾಲೆಟ್ಟಿನಲ್ಲಿ ಒಂದು ರಾಗವನ್ನು ಹಾಡಿದಂತೆ ನುಡಿಸಲು ಬಾರದವರಿಗೆ ನಾಲ್ಕು ಹಿಡಿದರೂ ಸಂಗೀತ ಬಾರದು.

ವಯಸ್ಸಿನ ಹೆದರಿಕೆಯನ್ನು ಬಿಟ್ಟುಬಿಡಿ. ಬರ್ಟನ್ ಆರನೆಯ ವಯಸ್ಸಿಗೆ ಶುರುಮಾಡಿದ್ದು ನಿಜ. ಆದರೆ ಹ್ಯಾಂಪ್ಟನ್ ಆ ಧ್ವನಿಮುದ್ರಣ ಮಾಡಿದಾಗ 22ರ ಯುವಕ. ಹಚರ್ಸನ್ ಹದಿಹರೆಯದಲ್ಲಿ ಜ್ಯಾಕ್ಸನ್ ಅವರ ಧ್ವನಿಮುದ್ರಿಕೆ ಕೇಳಿ ಮರುಳಾಗಿ, ಇಟ್ಟಿಗೆ ಕೆಲಸ ಮಾಡುತ್ತಿದ್ದ ತಂದೆಯ ಜೊತೆ ದುಡಿದು ವಾದ್ಯ ಕೊಂಡರು. ಜ್ಯಾಕ್ಸನ್ ಸ್ವತಃ ವೈಬ್ರಫೋನ್ ಹಿಡಿದದ್ದು ಸುಮಾರು 16ನೆಯ ವಯಸ್ಸಿಗೆ. ಆದರೆ ಆ ಹೊತ್ತಿಗೆ ಅವರಿಗೆ ಸಂಗೀತ ಚೆನ್ನಾಗಿ ಬರುತ್ತಿತ್ತು. ನಿಮ್ಮ ಮಗಳ ಸ್ಥಿತಿಯೂ ಅದೇ. ಆದ್ದರಿಂದ ಜ್ಯಾಕ್ಸನ್ ಅವರ ಬದುಕನ್ನು ತುಸು ವಿವರವಾಗಿ ಹೇಳುತ್ತೇನೆ.

ಅವರು ಹುಟ್ಟಿದ್ದು 1923ರ ಜನವರಿ 1ರಂದು, ಡೆಟ್ರಾಯಿಟ್‌ನಲ್ಲಿ. ಏಳನೆಯ ವಯಸ್ಸಿಗೆ ಗಿಟಾರ್, ಹನ್ನೊಂದಕ್ಕೆ ಪಿಯಾನೊ, ಶಾಲೆಯಲ್ಲಿ ಡ್ರಮ್ಸ್. ಹದಿಹರೆಯದಲ್ಲಿ ಚರ್ಚಿನ ಭಕ್ತಿಗೀತೆಗಳನ್ನು ಹಾಡುವ ತಂಡದೊಂದಿಗೆ ಊರೂರು ಸುತ್ತಿದರು. ಎರಡನೆಯ ಮಹಾಯುದ್ಧದ ಸೈನ್ಯಸೇವೆ ಮುಗಿಸಿ ಬಂದ ಅವರನ್ನು 1945ರಲ್ಲಿ ಡೆಟ್ರಾಯಿಟ್‌ನಲ್ಲಿ ಕೇಳಿದ ತುತ್ತೂರಿ (ಟ್ರಂಪೆಟ್) ವಾದಕ ಡಿಝಿ ಗಿಲೆಸ್ಪಿ ತಮ್ಮ ತಂಡಕ್ಕೆ ಕರೆದುಕೊಂಡರು. ಗಿಲೆಸ್ಪಿಯವರ ದೊಡ್ಡ ವಾದ್ಯವೃಂದದಲ್ಲಿ ತುತ್ತೂರಿಯವರು ಉಸಿರು ತೆಗೆದುಕೊಳ್ಳುವಾಗ ಸಭೆಯನ್ನು ಹಿಡಿದಿಡಲು ಪಿಯಾನೊ, ಬಾಸ್, ಡ್ರಮ್ಸ್, ವೈಬ್ರಫೋನ್ ನಾಲ್ವರೇ ನುಡಿಸುತ್ತಿದ್ದರು. ಆ ನಾಲ್ವರ ಕೂಟವೇ ಬೆಳೆದು 1952ರಲ್ಲಿ ಮಾಡರ್ನ್ ಜಾಝ್ ಕ್ವಾರ್ಟೆಟ್ ಆಯಿತು. ಜಾಝ್ ಎಂದರೆ ಹೊಗೆ ತುಂಬಿದ ಕ್ಲಬ್ಬು ಎಂದಿದ್ದ ಕಾಲದಲ್ಲಿ ಇವರು ಕಪ್ಪು ಸೂಟು ತೊಟ್ಟು ದೊಡ್ಡ ಸಭಾಂಗಣಗಳಲ್ಲಿ ಕಛೇರಿ ಮಾಡಿದರು.

ಜ್ಯಾಕ್ಸನ್ ನಾದದಲ್ಲಿ ಒಂದು ಗುಟ್ಟಿತ್ತು. ಹ್ಯಾಂಪ್ಟನ್ ಮೋಟಾರನ್ನು ಸೆಕೆಂಡಿಗೆ ಸುಮಾರು 10 ಸುತ್ತಿನ ವೇಗದಲ್ಲಿ ಓಡಿಸುತ್ತಿದ್ದರು, ಜ್ಯಾಕ್ಸನ್ ಅದನ್ನು ಸುಮಾರು 3ಕ್ಕೆ ಇಳಿಸಿದರು. ನಡುಗುವ ಲೋಹದ ಸದ್ದು ಹೋಗಿ ಮನುಷ್ಯಕಂಠದ ಕಂಪನ ಬಂದಿತು. ಹಾಡುಗಾರನೊಬ್ಬ ಲೋಹದಲ್ಲಿ ತನ್ನ ಗಂಟಲನ್ನು ಹುಡುಕಿದ್ದ.

ಇನ್ನು ದುಡ್ಡಿನ ವಿಷಯ. ಇಪ್ಪತ್ತೆರಡು ವರ್ಷ ನಡೆದ, ಜಗತ್ತೇ ಬಲ್ಲ ಆ ತಂಡದಿಂದ 1974ರಲ್ಲಿ ಜ್ಯಾಕ್ಸನ್ ಹೊರನಡೆದರು, ತಂಡ ಮುರಿಯಿತು. ತಮ್ಮ ಶ್ರಮಕ್ಕೆ ತಕ್ಕ ಸಂಪಾದನೆ ಆಗುತ್ತಿಲ್ಲ, ತಮಗೆ ಬೇಕಾದಂತೆ ನುಡಿಸುವ ಸ್ವಾತಂತ್ರ್ಯವಿಲ್ಲ ಎಂಬುದು ಅವರ ಅಸಮಾಧಾನವಾಗಿತ್ತು. 1981ರಲ್ಲಿ ಮತ್ತೆ ಒಂದಾದರು. ಆ ತಂಡದ ವರ್ಷಗಳಲ್ಲೂ ಬೇಸಿಗೆಯ ಬಿಡುವಿನಲ್ಲಿ ಅವರು ತಮ್ಮದೇ ತಂಡಗಳೊಂದಿಗೆ ದುಡಿಯುತ್ತಿದ್ದರು, ಬೇರೆಯವರೊಂದಿಗೆ ಧ್ವನಿಮುದ್ರಣ ಮಾಡುತ್ತಿದ್ದರು. 1999ರಲ್ಲಿ ತೀರಿಕೊಳ್ಳುವವರೆಗೂ ಅವರು ಪ್ರವಾಸ ಮಾಡಿ ನುಡಿಸುವ ಕಲಾವಿದರೇ ಆಗಿದ್ದರು. ಈ ವಾದ್ಯದ ಶಿಖರದಲ್ಲಿದ್ದವರಿಗೇ ಹಣದ ಚಿಂತೆ ತಪ್ಪಲಿಲ್ಲ ಎಂಬುದನ್ನು ಮಗಳಿಗೆ ಹೇಳಿ. ಅವಳನ್ನು ಹೆದರಿಸಲು ಹೇಳುತ್ತಿಲ್ಲ. ಒಂದೇ ಮೂಲದ ಆದಾಯವನ್ನು ನೆಚ್ಚಬಾರದು ಎಂಬುದು ಈಗಲೇ ಅವಳಿಗೆ ತಿಳಿದಿರಲಿ.

ಬೇರೆಯವರು ಕಂಡುಕೊಂಡ ದಾರಿಗಳೂ ಇವೆ. ಬರ್ಟನ್ 1971ರಿಂದ 2004ರವರೆಗೆ ಬಾಸ್ಟನ್‌ನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಕಲಿಸಿದರು, ಆಡಳಿತದ ಉನ್ನತ ಹುದ್ದೆಗೇರಿದರು. ಅದರೊಂದಿಗೇ ಪ್ರವಾಸವನ್ನೂ ಮಾಡಿ ಏಳು ಗ್ರ್ಯಾಮಿ ಪಡೆದರು. ಹ್ಯಾಂಪ್ಟನ್ ತಂಡದ ಲೆಕ್ಕಪತ್ರ, ಒಪ್ಪಂದ ಎಲ್ಲವನ್ನೂ ಪತ್ನಿ ಗ್ಲ್ಯಾಡಿಸ್ ನೋಡಿಕೊಂಡರು. ಆ ತಂಡ ದಶಕಗಟ್ಟಲೆ ನಿಂತದ್ದರಲ್ಲಿ ಆಕೆಯ ಪಾಲು ದೊಡ್ಡದು. ಹಚರ್ಸನ್ ನ್ಯೂಯಾರ್ಕಿನಲ್ಲಿ ಮೊದಮೊದಲು ಟ್ಯಾಕ್ಸಿ ಓಡಿಸುತ್ತಿದ್ದರು. ಮುಂದೆ ಅವರದೇ ಒಂದು ರಚನೆ ಜನಪ್ರಿಯವಾಗಿ, ಅದರಿಂದ ಬಂದ ಹಣದಲ್ಲಿ ಕ್ಯಾಲಿಫೋರ್ನಿಯಾದ ಮೊಂಟಾರಾದಲ್ಲಿ ಜಾಗ ಕೊಂಡು ಮನೆ ಕಟ್ಟಿಕೊಂಡರು. ನುಡಿಸಿದ್ದಕ್ಕೆ ಅಂದಿನ ಸಂಭಾವನೆ ಮಾತ್ರ ಸಿಗುತ್ತದೆ, ಬರೆದ ರಚನೆ ಮಾತ್ರ ವರ್ಷಗಳ ಕಾಲ ರಾಯಧನ ತರಬಲ್ಲದು. ಮುಂಬೈ ಚಿತ್ರಸಂಗೀತದ ವಾದ್ಯವೃಂದಗಳಲ್ಲಿ ಈ ಬಗೆಯ ವಾದ್ಯಗಳನ್ನು ನುಡಿಸಿದ ಕೆರ್ಸಿ ಲಾರ್ಡ್ ಅವರನ್ನೇ ನೋಡಿ. ಅಕಾರ್ಡಿಯನ್ನಿನಿಂದ ಸಿಂಥಸೈಸರ್‌ವರೆಗೆ ಅವರು ಕೈಯಾಡಿಸದ ವಾದ್ಯ ಕಡಿಮೆ. ಬೇಡಿಕೆ ಉಳಿದದ್ದೂ ಅದರಿಂದಲೇ.

ಗಂಡಸರ ಕ್ಷೇತ್ರ ಎಂಬ ಮಾತಿನಲ್ಲಿ ಇತಿಹಾಸದ ಸತ್ಯವಿದೆ, ಮುಚ್ಚಿಡುವುದಿಲ್ಲ. ಆದರೆ ಹೆಣ್ಣುಮಕ್ಕಳು ಮೊದಲಿನಿಂದಲೂ ಇದ್ದರು. ಮಾರ್ಜರಿ ಹೈಮ್ಸ್ 1940ರ ದಶಕದಲ್ಲೇ ವುಡಿ ಹರ್ಮನ್ ಅವರ ತಂಡದಲ್ಲಿ, ಆಮೇಲೆ ಜಾರ್ಜ್ ಶಿಯರಿಂಗ್ ಅವರ ಐವರ ತಂಡದಲ್ಲಿ ನುಡಿಸಿದರು. ಡೆಟ್ರಾಯಿಟ್‌ನ ಟೆರಿ ಪೊಲಾರ್ಡ್ ಪಿಯಾನೊ ವಾದಕಿಯಾಗಿದ್ದೂ ವೈಬ್ರಫೋನ್ ವಾದಕ ಟೆರಿ ಗಿಬ್ಸ್ ಅವರೊಡನೆ ವೈಬ್ರಫೋನ್ ಜುಗಲ್ಬಂದಿಗೆ ನಿಲ್ಲುತ್ತಿದ್ದರು. ಇಂದು ಮೆಕ್ಸಿಕೊದಿಂದ ಬಂದ ಪಟ್ರಿಶಿಯಾ ಬ್ರೆನನ್, ತರುಣಿ ಸಾಶಾ ಬರ್ಲಿನರ್ ಮುಂದಿನ ಸಾಲಿನಲ್ಲಿದ್ದಾರೆ. ಮಗಳಿಗೆ ಇವರನ್ನು ಕೇಳಿಸಿ. ಕಾಲೇಜು ಆರಿಸುವಾಗ ಅಲ್ಲಿನ ಜಾಝ್ ವಿಭಾಗದಲ್ಲಿ ಎಷ್ಟು ವಿದ್ಯಾರ್ಥಿನಿಯರಿದ್ದಾರೆ, ಎಷ್ಟು ಅಧ್ಯಾಪಕಿಯರಿದ್ದಾರೆ ಎಂದು ವಿಚಾರಿಸಿ. ತಡರಾತ್ರಿಯ ಕಾರ್ಯಕ್ರಮಗಳಿಗೆ ಓಡಾಟ, ಸುರಕ್ಷತೆ ಇವುಗಳ ಬಗ್ಗೆ ಅವಳೊಡನೆ ಸಂಕೋಚವಿಲ್ಲದೆ ಮಾತನಾಡಿ.

ಹಾಡುವುದನ್ನು ಬಿಟ್ಟಿದ್ದಾಳೆ ಎಂದು ಬರೆದಿದ್ದೀರಿ. ಪತ್ರದಲ್ಲಿ ನನಗೆ ನಿಜವಾಗಿ ಬೇಸರ ತಂದ ಸಾಲು ಅದೊಂದೇ. ಗಮಕವಿಲ್ಲದ ವಾದ್ಯಕ್ಕೆ ಕರ್ನಾಟಕ ಸಂಗೀತದಿಂದ ಏನು ಲಾಭ ಎಂದು ಅವಳಿಗೆ ಅನ್ನಿಸಿರಬಹುದು. ವೈಬ್ರಫೋನಿನ ಶ್ರುತಿ ಸ್ಥಿರ, ನಿಜ. ಗಟ್ಟಿ ಮ್ಯಾಲೆಟ್ಟನ್ನು ಪಟ್ಟಿಯ ಮೇಲೆ ಒತ್ತಿ ಎಳೆದು ಸ್ವರವನ್ನು ಸ್ವಲ್ಪ ಕೆಳಕ್ಕೆ ಬಾಗಿಸುವ ತಂತ್ರವೊಂದಿದೆ, ಅದು ಅಲಂಕಾರಕ್ಕೆ ಮಾತ್ರ. ಆದರೆ ಕಿವಿ, ಲಯ, ಆ ಕ್ಷಣದಲ್ಲಿ ಸ್ವರ ಹೆಣೆಯುವ ಧೈರ್ಯ ಇವು ವಾದ್ಯದೊಳಗೆ ಇರುವಂಥವಲ್ಲ. ಕಲ್ಪನಾಸ್ವರ ಹಾಡುವಾಗ ಮನಸ್ಸು ಮಾಡುವ ಕೆಲಸವನ್ನೇ ಜಾಝ್ ವಾದಕನ ಮನಸ್ಸೂ ಮಾಡುತ್ತದೆ. ಮಿಶ್ರಚಾಪನ್ನು ತೊಡೆಯ ಮೇಲೆ ಹಾಕಿ ಬೆಳೆದ ಹುಡುಗಿಗೆ ಏಳು ಮಾತ್ರೆಯ ಜಾಝ್ ರಚನೆ ಅಪರಿಚಿತವಾಗದು. ನುಡಿಸುವ ಪ್ರತಿ ಸಾಲನ್ನೂ ಮೊದಲು ಹಾಡಿ ನೋಡು ಎಂದು ನಾನು ನನ್ನ ಎಲ್ಲ ಶಿಷ್ಯರಿಗೂ ಹೇಳುತ್ತೇನೆ. ಅವಳಿಗೆ ಆ ಅಭ್ಯಾಸ ಆಗಲೇ ಇದೆ. ದಯವಿಟ್ಟು ಅವಳು ಮತ್ತೆ ಹಾಡುವಂತೆ ಮಾಡಿ.

ಮಣಿಕಟ್ಟಿನ ನೋವನ್ನು ಮಾತ್ರ ತಡಮಾಡದೆ ನೋಡಿಸಿ. ಎರಡು ತಿಂಗಳು ಉಳಿದ ನೋವು ಅಭ್ಯಾಸದ ದಣಿವಲ್ಲ. ವೈದ್ಯರ ಬಳಿ ಕರೆದೊಯ್ಯಿರಿ, ಸಾಧ್ಯವಾದರೆ ಕೈಗಳ ಚಿಕಿತ್ಸೆಯಲ್ಲಿ ಪರಿಣತಿ ಇರುವ ಥೆರಪಿಸ್ಟ್ ಬಳಿ. ನಾನು ಸಾಮಾನ್ಯವಾಗಿ ಕಾಣುವ ಕಾರಣಗಳು ಇವು: ನಾಲ್ಕು ಮ್ಯಾಲೆಟ್ ಹೊಸದಾಗಿ ಕಲಿಯುವಾಗ ಭಯದಿಂದ ಬಿಗಿಹಿಡಿತ, ಅವಳ ಎತ್ತರಕ್ಕೆ ಹೊಂದದ ವಾದ್ಯದ ಎತ್ತರ, ಬ್ಯಾಂಡ್ ಶಿಬಿರದ ದಿನಗಳಲ್ಲಿ ಒಮ್ಮೆಲೇ ಹೆಚ್ಚಿದ ಅಭ್ಯಾಸದ ಗಂಟೆಗಳು. ಒಂದು ಕಾಲು ಪೆಡಲ್ ಮೇಲಿರುವುದರಿಂದ ದೇಹದ ಭಾರವೆಲ್ಲ ಇನ್ನೊಂದು ಕಾಲಿಗೆ ಬೀಳುತ್ತದೆ, ಅದು ಸೊಂಟಕ್ಕೂ ಭುಜಕ್ಕೂ ಏರುತ್ತದೆ. ನೋವಿದ್ದಾಗ ಹಟದಿಂದ ನುಡಿಸುವುದು ಶೌರ್ಯವಲ್ಲ. ಆ ವಾರಗಳಲ್ಲಿ ಕೇಳುವುದು, ಹಾಡುವುದು, ಪಿಯಾನೊದ ಮೇಲೆ ಸ್ವರಗುಚ್ಛಗಳನ್ನು ಗುರುತಿಸುವುದು ಸಾಕು. ಮುಚ್ಚಿದ ಕೋಣೆಯಲ್ಲಿ ಲೋಹದ ಪಟ್ಟಿಗಳ ಸದ್ದು ಕಿವಿಗೂ ಜೋರಾಗುತ್ತದೆ. ಸಂಗೀತಗಾರರಿಗೆಂದೇ ಮಾಡಿದ ಕಿವಿರಕ್ಷಕ ಕೊಡಿಸಿ.

ಈಗ ಕಾಲೇಜು. ನಿಮ್ಮ ಮನೆಯಲ್ಲಿ ವೈಬ್ರಫೋನ್ ಅಥವಾ ಕಂಪ್ಯೂಟರ್ ಎಂದು ಎರಡೇ ಬಾಗಿಲು ಇರುವಂತೆ ಚರ್ಚೆ ನಡೆದಿದೆ. ನಡುವೆ ಇನ್ನೂ ಕೆಲವಿವೆ.

ಜಾಝ್ ವಾದನದ ಪದವಿಗೆ ನೇರವಾಗಿ ಸೇರಿದರೆ ಸಿಗುವ ದೊಡ್ಡ ಲಾಭ ಸಹಪಾಠಿಗಳು. ನಾಳೆ ಅವಳನ್ನು ಕರೆಯುವವರು, ಅವಳು ಕರೆಯುವವರು ಅವರೇ. ಅಪಾಯವೆಂದರೆ ಸಾಲ. ಖಾಸಗಿ ಸಂಗೀತ ಕಾಲೇಜುಗಳ ಶುಲ್ಕ ವಿಪರೀತ, ಅದನ್ನು ಸಾಲದಲ್ಲಿ ಕಟ್ಟಿದ ಯುವಕಲಾವಿದರು ಕಂತು ತೀರಿಸಲೆಂದೇ ಸಂಗೀತ ಬಿಟ್ಟಿದ್ದನ್ನು ನೋಡಿದ್ದೇನೆ. ಒಳ್ಳೆಯ ವಿದ್ಯಾರ್ಥಿವೇತನ ಸಿಗದಿದ್ದರೆ ಈ ದಾರಿ ಬೇಡ ಎನ್ನುತ್ತೇನೆ, ಕಾಲೇಜಿನ ಹೆಸರು ಎಷ್ಟೇ ದೊಡ್ಡದಿರಲಿ.

ಎರಡನೆಯದು ಶಾಸ್ತ್ರೀಯ ಪಾಶ್ಚಾತ್ಯ ತಾಳವಾದ್ಯದ ಪದವಿ, ಪಕ್ಕದಲ್ಲಿ ಜಾಝ್. ಇಂದಿನ ಜಾಝ್ ವೈಬ್ರಫೋನ್ ವಾದಕ ಸ್ಟೆಫಾನ್ ಹ್ಯಾರಿಸ್ ಆರ್ಕೆಸ್ಟ್ರಾದ ತಾಳವಾದಕನಾಗಬೇಕೆಂದೇ ಈಸ್ಟ್‌ಮನ್ ಸಂಗೀತ ಶಾಲೆ ಸೇರಿದ್ದವರು, ಚಾರ್ಲಿ ಪಾರ್ಕರ್ ಅವರ ಸಂಗೀತ ಕೇಳಿ ಜಾಝ್‌ಗೆ ತಿರುಗಿದರು. ಟಿಂಪನಿ, ಮರಿಂಬಾ, ಸ್ನೇರ್ ಡ್ರಮ್ ಎಲ್ಲವೂ ಬರುವ ಕೈಗೆ ನಾಟಕದ ವಾದ್ಯವೃಂದ, ಶಾಲಾ ತರಬೇತಿ ಎಂದು ಕೆಲಸದ ಜಾಗಗಳು ಹೆಚ್ಚು.

ಸಂಗೀತ ಶಿಕ್ಷಣದ ಪದವಿ ಪಡೆದು ಶಾಲಾ ಬ್ಯಾಂಡ್ ನಿರ್ದೇಶಕಿಯಾಗುವುದು ಅತ್ಯಂತ ಭದ್ರವಾದ ದಾರಿ. ಸಂಬಳ, ಆರೋಗ್ಯ ವಿಮೆ, ಬೇಸಿಗೆ ರಜೆ ಇವೆ. ನಷ್ಟವೂ ಇದೆ: ಆ ಕೆಲಸ ಸಂಜೆಗಳನ್ನೂ ವಾರಾಂತ್ಯಗಳನ್ನೂ ನುಂಗುತ್ತದೆ, ಜಾಝ್ ನಡೆಯುವುದು ಆ ಹೊತ್ತಿನಲ್ಲೇ. ಸ್ವಂತ ಕೈಚಳಕ ಮಂಕಾಗಲು ಹೆಚ್ಚು ವರ್ಷ ಬೇಕಿಲ್ಲ.

ದೊಡ್ಡ ವಿಶ್ವವಿದ್ಯಾಲಯವೊಂದರಲ್ಲಿ ಸಂಗೀತ ಮತ್ತು ಕಂಪ್ಯೂಟರ್ ವಿಜ್ಞಾನ ಎರಡನ್ನೂ ಓದುವ ಜೋಡಿ ಪದವಿಯನ್ನು ನಿಮ್ಮ ಯಜಮಾನರು ಇಷ್ಟಪಡಬಹುದು. ಬುದ್ಧಿವಂತ ಮಕ್ಕಳಿಗೆ ಸಾಧ್ಯ, ಆದರೆ ಐದು ವರ್ಷ ಹಿಡಿಯಬಹುದು. ನಿದ್ರೆಗೆಟ್ಟ ಮಗುವಿಗೆ ಎರಡೂ ಅರ್ಧಂಬರ್ಧವಾಗುವ ಅಪಾಯವಿದೆ. ನಿಮ್ಮ ಮಗಳ ವಿಷಯದಲ್ಲಿ ನನ್ನ ಒಲವು ಹೀಗಿದೆ: ಬಲವಾದ ತಾಳವಾದ್ಯ ವಿಭಾಗವೂ ಜಾಝ್ ವಿಭಾಗವೂ ಇರುವ ಸರ್ಕಾರಿ ವಿಶ್ವವಿದ್ಯಾಲಯ, ಜೊತೆಗೆ ಪಿಯಾನೊ ಅಥವಾ ಡ್ರಮ್ಸ್‌ನಲ್ಲಿ ಸಂಪಾದನೆಗೆ ಸಾಕಾಗುವಷ್ಟು ಪರಿಣತಿ. ಜೋಡಿ ಪದವಿಯನ್ನು ಒಂದು ವರ್ಷ ಕಳೆದ ಮೇಲೆ ಅವಳೇ ತೀರ್ಮಾನಿಸಲಿ. ಅಮೆರಿಕದಲ್ಲಿ ಮಕ್ಕಳು 26 ತುಂಬುವವರೆಗೆ ತಂದೆತಾಯಿಯರ ಆರೋಗ್ಯ ವಿಮೆಯಲ್ಲಿ ಇರಬಹುದು. ಸ್ವತಂತ್ರ ಕಲಾವಿದೆಯ ಮೊದಲ ವರ್ಷಗಳಿಗೆ ಇದು ನೀವು ಕೊಡಬಹುದಾದ ದೊಡ್ಡ ಆಸರೆ.

ವಾದ್ಯ ಕೊಳ್ಳುವ ವಿಷಯಕ್ಕೆ ಬರೋಣ. ಒಳ್ಳೆಯ ಹೊಸ ವೈಬ್ರಫೋನಿಗೆ ಹಲವು ಸಾವಿರ ಡಾಲರ್ ಆಗುತ್ತದೆ. ಈಗಲೇ ಬೇಡ. ಮೊದಲು ಮಣಿಕಟ್ಟು ವಾಸಿಯಾಗಲಿ. ಆಮೇಲೆ ಶಾಲೆಯ ವಾದ್ಯವನ್ನು ತರಗತಿ ಮುಗಿದ ನಂತರ ಬಳಸಲು ಅನುಮತಿ ಕೇಳಿ, ಎಷ್ಟೋ ಶಾಲೆಗಳು ಬೇಸಿಗೆಯಲ್ಲಿ ಮನೆಗೂ ಕೊಡುತ್ತವೆ. ಕೊಳ್ಳುವ ಕಾಲ ಬಂದಾಗ ಮೂರು ಸ್ಥಾಯಿಯ ಹಳೆಯ ವಾದ್ಯ ಧಾರಾಳವಾಗಿ ಸಾಕು. ಹಳೆಯದನ್ನು ನೋಡುವಾಗ ಹೊಳಪಿಗೆ ಮರುಳಾಗದೆ ಎಲ್ಲ ಪಟ್ಟಿಗಳನ್ನೂ ಒಂದೊಂದಾಗಿ ಬಾರಿಸಿಸಿ, ಸತ್ತ ಸದ್ದು ಬರುವ ಪಟ್ಟಿ ಇದೆಯೇ ಕೇಳಿ. ಪೆಡಲ್ ಬಿಟ್ಟಾಗ ಎಲ್ಲ ಸ್ವರಗಳೂ ಒಟ್ಟಿಗೆ ನಿಲ್ಲುತ್ತವೆಯೇ ನೋಡಿ. ಮೋಟಾರು ಗುರುಗುಟ್ಟಿದರೆ ಚಿಂತೆಯಿಲ್ಲ, ಬರ್ಟನ್ ಅವರ ಹಾದಿಯಲ್ಲಿ ಬಂದ ಎಷ್ಟೋ ವಾದಕರು ಅದನ್ನು ಹಾಕುವುದೇ ಇಲ್ಲ. ಕೊಳ್ಳುವ ಮುನ್ನ ಅವಳೇ ಅದನ್ನು ಪೂರ್ತಿ ಬಿಚ್ಚಿ, ನಿಮ್ಮ ಕಾರಿನೊಳಗೆ ಇಟ್ಟು, ಮತ್ತೆ ಜೋಡಿಸಲಿ. ಕಾರಿಗೆ ಹಿಡಿಸದ ವಾದ್ಯ ಮನೆಯಲ್ಲೇ ಉಳಿದುಬಿಡುತ್ತದೆ, ಅದನ್ನು ತರಬೇಡಿ.